ಒಂದು ಹಿಡಿ ಹೆಚ್ಚು

ಕಂಪನಿಯ ಸಾಹೇಬರು ಬ್ರೆಡ್ಡಿನ ಚೂರು ಮುರಿದು ಬಾಯಿಗಿಟ್ಟುಕೊಂಡರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹೆಂಡತಿಯೊಡನೆ ನಿಂತಿದ್ದ ಬೇಕರಿಯವ ಅವರ ಬಾಯಿಯನ್ನೇ ನೋಡತೊಡಗಿದ. ಎಲ್ಲಿ ಅವರಿಗೆ ರುಚಿಸಿಬಿಡುತ್ತದೋ ಎಂಬ ಭಯ ಪಾಪ ಅವನಿಗೆ.

ರುಚಿಸಬಾರದೆಂದೇ ಆ ಬೆಳಿಗ್ಗೆ, ಹೆಂಡತಿ ಮುಂದಿನ ಕಿಟಕಿಯ ಗಾಜು ಒರೆಸಲು ಹೋದ ಹೊತ್ತು ನೋಡಿ, ಅವನು ಕಲೆಸಿದ ಹಿಟ್ಟಿಗೆ ಕಳ್ಳನ ಹಾಗೆ ಒಂದು ಹಿಡಿ ಉಪ್ಪು ಸುರಿದು ಮತ್ತೆ ನಾದಿಟ್ಟಿದ್ದ. ಆ ಬೇಕರಿಯಲ್ಲಿ ನಾದುವುದು ಅವನ ಪಾಲು, ಉಪ್ಪು ಹಾಕುವುದು ಹೆಂಡತಿಯ ಪಾಲು. ಮದುವೆಯಾದಾಗಿನಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದವರಲ್ಲ. ಆವತ್ತು ಹಿಟ್ಟು ಉಬ್ಬುವುದಕ್ಕೇ ಮೊಂಡು ಹಿಡಿಯಿತು. ಒಂದು ಹಿಡಿ ಉಪ್ಪಿಗೇ ಇಷ್ಟೊಂದಾ ಎಂದು ಅವನಿಗೂ ಸೋಜಿಗವಾಗಿತ್ತು.

ಕಂಪನಿಯವರು ಬೆನ್ನು ಹತ್ತಿ ತಿಂಗಳುಗಳೇ ಆಗಿದ್ದವು. ಇವರ ಬ್ರೆಡ್ಡಿಗೊಂದು ಕಾರ್ಖಾನೆ, ಊರೂರಿಗೆ ಅಂಗಡಿ, ಪೊಟ್ಟಣದ ಮೇಲೆ ಗಂಡಹೆಂಡಿರ ಫೋಟೊ. ಅವನು ಆಫೀಸಿನಲ್ಲಿ ಕೂರಬೇಕು, ಅವಳು ಅಂಗಡಿಗಳ ಉಸ್ತುವಾರಿಗೆ ಊರೂರು ತಿರುಗಬೇಕು. ಇವತ್ತಿನ ಬ್ರೆಡ್ಡು ತಿಂದು ನೋಡಿ ಸೈ ಅನ್ನುವುದೊಂದೇ ಬಾಕಿ. ಕೇಳಿದವರೆಲ್ಲ ಅದೃಷ್ಟ ಖುಲಾಯಿಸಿತು ಎಂದು ಕೈ ಕುಲುಕಿದರು. ಅವನಿಗೆ ಮಾತ್ರ ನಿದ್ದೆ ಹಾರಿಹೋಗಿತ್ತು. ದಿನಾ ಮಧ್ಯಾಹ್ನ ಒಲೆ ಆರಿದ ಮೇಲೆ ಇಬ್ಬರೂ ಅಂಗಡಿಯ ಬಾಗಿಲೆಳೆದು ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಸೀದುಹೋಗಿ ಮಾರಲು ಬಾರದ ಒಂದು ಬ್ರೆಡ್ಡು, ಎರಡು ಲೋಟ ಚಹಾ, ಅವಳ ತಲೆಬುಡವಿಲ್ಲದ ಸುದ್ದಿಗಳು. ಕೇಳುತ್ತ ಕೇಳುತ್ತ ಅವನು ಅಲ್ಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಅಂಥ ನಿದ್ದೆಯನ್ನು ಯಾವ ಕಾರ್ಖಾನೆಯಲ್ಲಿ ಮಾಡಿಕೊಡುತ್ತಾರೆ ಹೇಳಿ?

ಹಾಗಿದ್ದರೆ ಬೇಡ ಎಂದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಂಡತಿ ತನ್ನಕ್ಕನಿಗೆ ಫೋನಿನಲ್ಲಿ, ಇನ್ನು ಮೇಲೆ ಎಲ್ಲಿ ನೋಡಿದರೂ ನಮ್ಮವರ ಫೋಟೊನೇ ಎಂದು ಹಿಗ್ಗಿ ಹೇಳುವುದನ್ನು ಅವನು ಕೇಳಿಸಿಕೊಂಡಿದ್ದ. ಹಿಟ್ಟಿನ ಧೂಳಿನಲ್ಲೇ ಅರ್ಧ ಆಯುಷ್ಯ ಕಳೆದವಳು. ಅವಳ ಆಸೆಗೆ ತಾನೇ ಹೇಗೆ ಕಲ್ಲು ಹಾಕುವುದು? ಬ್ರೆಡ್ಡೇ ಕೈಕೊಟ್ಟರೆ ಯಾರಿಗೂ ಯಾರ ಮೇಲೂ ಬೇಜಾರಿರುವುದಿಲ್ಲ ಅಂದುಕೊಂಡಿದ್ದ.

ಸಾಹೇಬರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿ, ಕೊನೆಗೆ ಕರವಸ್ತ್ರದಲ್ಲಿ ಬಾಯಿ ಖಾಲಿ ಮಾಡಿಕೊಂಡರು.

“ಇದಕ್ಕೆ ಉಪ್ಪು ಹಾಕಿದ್ದು ಯಾರ್ರೀ?”

ತಪ್ಪು ನೇರವಾಗಿ ಹೆಂಡತಿಯ ತಲೆಗೆ ಬರುತ್ತದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆದದ್ದು ಆಗಲೇ.

“ನಾನು,” ಅಂದ.

“ನಾನು,” ಅಂದಳು ಹೆಂಡತಿ, ಅದೇ ಉಸಿರಿಗೆ.

ಸಾಹೇಬರು ಇಬ್ಬರನ್ನೂ ಸರದಿಯ ಮೇಲೆ ನೋಡಿದರು. “ಒಂದು ಅಡುಗೆಮನೆಯಲ್ಲಿ ಇಬ್ಬರೇ ಇದ್ದೀರಿ. ನಿಮ್ಮಿಬ್ಬರಲ್ಲೇ ಹೊಂದಾಣಿಕೆ ಇಲ್ಲ. ನಮ್ಮ ಜೊತೆ ಏನು ಕೆಲಸ ಮಾಡ್ತೀರಿ?” ಎಂದು ನೀರು ಕೇಳಿ ಗಟಗಟ ಕುಡಿದು, ಕಾರು ಹತ್ತಿ ಹೊರಟೇ ಹೋದರು.

ಕಾರು ತಿರುವು ದಾಟಿತು. ಆಮೇಲೆ ಅವನು ತಲೆ ತಗ್ಗಿಸಿ, ನೀನ್ಯಾಕೆ ಮೈಮೇಲೆ ಹಾಕಿಕೊಂಡೆ, ಒಂದು ಹಿಡಿ ಹೆಚ್ಚಿಗೆ ಸುರಿದವನು ನಾನು ಎಂದು ಒಪ್ಪಿಕೊಂಡ. ಇನ್ನೇನು ಅಳುತ್ತಾಳೆ ಎಂದು ಕಾದ. ಅವಳು ಅವನನ್ನೇ ದುರುಗುಟ್ಟಿ ನೋಡಿದಳು.

“ಒಂದು ಹಿಡಿಗೆ ಅಷ್ಟಾಗುತ್ತೇನ್ರೀ? ನಾನೂ ಒಂದು ಹಿಡಿ ಹೆಚ್ಚಿಗೆ ಹಾಕಿದ್ದೆ.”

“ನಿನಗೂ ಬೇಡವಾಗಿತ್ತಾ? ಹೇಳಬಾರದಿತ್ತೇನೇ?” ಅಂದ ಬೇಕರಿಯವ.

“ನೀವು ಮೊನ್ನೆ ಕನ್ನಡಿ ಮುಂದೆ ಟೈ ಕಟ್ಟಿಕೊಂಡು ನಿಂತಿದ್ರಲ್ಲ, ಆಫೀಸಿಗೆ ಹೋಗೋ ಆಸೆ ಅಂದ್ಕೊಂಡೆ,” ಅಂದಳು ಅವಳು.

“ಕತ್ತು ಎಷ್ಟು ಬಿಗಿಯುತ್ತೆ ಅಂತ ನೋಡ್ತಿದ್ದೆ ಕಣೇ. ನೀನು ಅಕ್ಕನ ಹತ್ತಿರ ಅಷ್ಟು ಹಿಗ್ಗಿದ್ದು?”

“ಯಾವಾಗ ನೋಡಿದ್ರೂ ನಿನ್ನ ಗಂಡ ಉದ್ಧಾರ ಆಗಲಿಲ್ಲ ಅಂತಿದ್ಲು. ಒಂದು ಸಲ ಅವಳ ಬಾಯಿ ಮುಚ್ಚಿಸಬೇಕಿತ್ತು.”

ಎದೆಯ ಮೇಲಿದ್ದ ಚಪ್ಪಡಿ ಕಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು ಅವನಿಗೆ. ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ನಕ್ಕೂ ನಕ್ಕೂ ಅವಳು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತಳು. ಅವನು ಕಣ್ಣೊರೆಸಿಕೊಳ್ಳುತ್ತ ಅಂಗಡಿಯ ಬಾಗಿಲೆಳೆದು ಬಂದ.

ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಸಾಹೇಬರು ಬಿಟ್ಟುಹೋದ ಆ ಬ್ರೆಡ್ಡನ್ನು ಇಬ್ಬರೂ ಹಂಚಿಕೊಂಡು ಒಂದು ಚೂರೂ ಬಿಡದೆ ತಿಂದರು; ಸಂಜೆಯವರೆಗೂ ನೀರು ಕುಡಿದರು.