ಫೋನಿಗೆ ಬಿಟ್ಟ ಜಾಗ

ಗದಗಿನ ಒಂದು ಸಣ್ಣ ಆಸ್ಪತ್ರೆ. ವಾರ್ಡಿನಲ್ಲಿ ನಿಂತಿದ್ದ ಕಸ್ತೂರಿಯ ಎದೆ ಡವಡವ ಎನ್ನುತ್ತಿತ್ತು...

ನರ್ಸಿಂಗ್ ಡಿಪ್ಲೊಮಾ ಮುಗಿಸಿದವಳು. ಆಮೇಲೆ ಮದುವೆ, ಮಕ್ಕಳು... ವರ್ಷಗಟ್ಟಲೆ ಸೂಜಿ ಮುಟ್ಟಿರಲಿಲ್ಲ. ಈಚೆಗೆ ಅಡುಗೆಮನೆ ಕಟ್ಟೆಯ ಮೇಲೆ ಫೋನ್ ನಿಲ್ಲಿಸಿಕೊಂಡೇ ಡಿಗ್ರಿ ಪಡೆದಿದ್ದಳು.

"ಆನ್‌ಲೈನ್ ಡಿಗ್ರಿನಾ?" ಎಂದು ಮೂಗು ಮುರಿದ ಆಸ್ಪತ್ರೆಗಳೇ ಹೆಚ್ಚು. ಕೆಲಸ ನೋಡೋಣ ಬಾ ಎಂದು ಕರೆದದ್ದು ಇದೊಂದೇ. ಇದೂ ಕೈತಪ್ಪಿದರೆ ಮತ್ತೆ ಸೌಟೇ ಗತಿ.

ಹಾಸಿಗೆಯಲ್ಲಿ ಒಬ್ಬ ಅಜ್ಜಿ. ಸಲಾಯಿನ್ ಹಚ್ಚಬೇಕು. ಪಕ್ಕದಲ್ಲಿ ಹಿರಿಯ ನರ್ಸ್ ಎಸ್ತರ್ ಮೇಡಂ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಕಸ್ತೂರಿ ದೂರ ಸರಿದು, ಓರೆಯಾಗಿ ನಿಂತು, ಸೂಜಿ ಹಿಡಿದ ಕೈ ಚಾಚಿದಳು.

"ಇಷ್ಟ್ ಜಾಗ ಯಾರಿಗೆ ಬಿಟ್ಟೀ?" ಕೇಳಿದರು ಮೇಡಂ.

ಕಸ್ತೂರಿ ಮೆಲ್ಲಗೆ ಹೇಳಿದಳು: "ಫೋನಿಗ್ರಿ..."

ಆನ್‌ಲೈನ್ ಕ್ಲಾಸಿನಲ್ಲಿ ರಬ್ಬರಿನ ಕೈಗೆ ಚುಚ್ಚಿ ತೋರಿಸುವಾಗ ಕ್ಯಾಮೆರಾಕ್ಕೆ ಅಡ್ಡ ಬರಬಾರದೆಂದು ಹಾಗೆ ನಿಂತು ನಿಂತು ರೂಢಿಯಾಗಿತ್ತು. ಯಾರೋ ನಕ್ಕರು. ನಾಚಿಕೆಯಿಂದ ಅವಳು ಹಿಡಿಯಷ್ಟಾದಳು.

ರಬ್ಬರಿನ ಕೈ ನಡುಗುವುದಿಲ್ಲ ನೋಡಿ... ಅಜ್ಜಿಯ ಕೈ ನಡುಗುತ್ತಿತ್ತು.

"ಯವ್ವಾ, ನಂಗ ಭಾಳ ಅಂಜಿಕಿ ಆಗೇತಿ," ಎಂದಳು ಅಜ್ಜಿ.

ಫೋನಿಗೆ ಬಿಟ್ಟಿದ್ದ ಆ ಜಾಗದಲ್ಲಿ ಕಸ್ತೂರಿ ಹೋಗಿ ಕೂತಳು. ಅಜ್ಜಿಯ ಕೈಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿದಳು. ನರ ಮಾತ್ರ ಸಿಗಲೊಲ್ಲದು...

ದೇವರ ಮೇಲೆ ಭಾರ ಹಾಕಿ ಚುಚ್ಚಿಬಿಡಬಹುದಿತ್ತು. ಸೂಜಿ ನರಕ್ಕೆ ಬಿದ್ದರೆ ನೌಕರಿ.

ಅವಳು ಸೂಜಿಯನ್ನು ಟ್ರೇಯಲ್ಲಿಟ್ಟಳು.

"ನಂಗ ನರ ಸಿಗವಲ್ದ್ರಿ ಮೇಡಂ. ಸುಮ್ಮ ಚುಚ್ಚಾಕ ಅಂಜಿಕಿ ಬರ್ತೈತಿ. ನೀವ ತೋರಸ್ರಿ."

ಮುಗಿಯಿತು, ಇನ್ನು ಮನೆಗೆ ಹೋಗುವುದೇ ಎಂದುಕೊಂಡಳು.

ಮೇಡಂ ಬೈಯಲಿಲ್ಲ. ಅವಳ ಬೆರಳು ಹಿಡಿದು ಅಜ್ಜಿಯ ತೋಳಿನ ಮೇಲೆ ಒತ್ತಿದರು. ಬೆರಳಡಿ ಏನೋ ಮೆತ್ತಗೆ ಪುಟಿಯಿತು. ಚುಚ್ಚು ಎಂದರು.

ಎದೆ ನಡುಗುತ್ತಲೇ ಇತ್ತು, ಸೂಜಿ ತಪ್ಪಲಿಲ್ಲ. ಸಲಾಯಿನ್ ಹನಿಯತೊಡಗಿತು...

"ಸೋಮವಾರ ಬಾ. ನನ್ನ ಬಾಜೂಕ ನಿಂತು ಕಲಿ," ಎಂದರು ಮೇಡಂ. "ಅಂಜಿಕಿ ಇಲ್ಲದಾಕಿ ಕೈಯಾಗ ನಾ ಸೂಜಿ ಕೊಡಂಗಿಲ್ಲ."

ಕಸ್ತೂರಿಯ ಕಣ್ಣು ತುಂಬಿ ಬಂತು. ಏಳಲು ಹೋದರೆ ಆಗಲಿಲ್ಲ...

ಅಜ್ಜಿ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ಹೆದರುವ ಕೈ ಕಲಿಯುತ್ತದೆ... ಹೆದರಿಕೆ ಮುಚ್ಚಿಡುವ ಕೈ ಇನ್ನೊಬ್ಬರನ್ನು ನೋಯಿಸುತ್ತದೆ.

"ನನಗೆ ಬರುವುದಿಲ್ಲ, ತೋರಿಸಿಕೊಡಿ" ಎಂದು ನೀವು ಕೊನೆಯ ಸಲ ಹೇಳಿದ್ದು ಯಾವಾಗ?