ದೀಪ ಹಚ್ಚಿದ ಮೇಲೆ ಹೆಪ್ಪು

ಓಣಿಯ ಮನೆಮನೆಯ ಹೆಪ್ಪನ್ನು ಸರ್ಕಾರ ಕುದಿಸಿ ಕೊಂದಿತು. ಬದಲಿಗೆ ಸತ್ತ ಹೆಪ್ಪಿನ ಪುಡಿ ಹಂಚಿತು. ಅದನ್ನೂ ಹೆಪ್ಪೆಂದೇ ಕರೆಯಬೇಕೆಂದು ತಜ್ಞರು ತೀರ್ಮಾನಿಸಿದ್ದರು. ಅಂದಿನಿಂದ ಜನ ಹಾಲನ್ನೇ ಮೊಸರೆಂದು ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರು.

ಹೊನ್ನೂರಮ್ಮನ ಕುಡಿಕೆಯಲ್ಲಿ ಮಾತ್ರ ಅತ್ತೆಯ ಕಾಲದ ಹೆಪ್ಪು ಇನ್ನೂ ಜೀವ ಹಿಡಿದಿತ್ತು. ಹುಳಿ ವಾಸನೆ ಹಿಡಿದು ಇನ್ಸ್‌ಪೆಕ್ಟರ್ ಮುಸ್ಸಂಜೆಗೆ ಬಂದ.

"ಕುಡಿಕೆ ಕೊಡಮ್ಮ, ಕುದಿಸಬೇಕು."

"ಕುದಿಸಿದ್ರೆ ಸಾಯಲ್ವಾ ಸಾರ್?"

"ಸಾಯಲ್ಲ. ನಿಷ್ಕ್ರಿಯ ಆಗುತ್ತೆ."

"ನಮ್ಮತ್ತೇನೂ ಹೋದ್ವರ್ಷ ನಿಷ್ಕ್ರಿಯ ಆದ್ರು. ತಿಥಿ ಮಾಡಿದ್ವಿ."

"ಮಾತು ಸಾಕು. ಕೊಡು."

ಹೊನ್ನೂರಮ್ಮ ಎದ್ದು ದೇವರ ಗೂಡಿನ ದೀಪ ಹಚ್ಚಿದಳು.

"ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡೋ ಪದ್ಧತಿ ಇಲ್ಲ ಸಾರ್."

"ಆಯ್ತು, ಬೆಳಿಗ್ಗೆ ಬರ್ತೀನಿ."

"ಬನ್ನಿ," ಎಂದಳು, ದೀಪಕ್ಕೆ ಇನ್ನಷ್ಟು ಎಣ್ಣೆ ಸುರಿಯುತ್ತ. "ಇದನ್ನ ಇನ್ನು ಆರಿಸಲ್ಲ."