ಹೆಬ್ಬೆಟ್ಟಿಗೊಂದು ಸೀರೆ

ನಾನು ಕೊಳ್ಳಲಿದ್ದ ಮನೆ ಮಾರುವವನ ಅಪ್ಪನ ಕಾಲದ್ದು, ಆ ಅಪ್ಪನ ಮಗಳೂ ಒಪ್ಪಿ ಸಹಿ ಹಾಕದೆ ನನಗೆ ಸಾಲ ಕೊಡುವುದಿಲ್ಲವೆಂದು ಬ್ಯಾಂಕಿನ ವಕೀಲರು ಹಟ ಹಿಡಿದಿದ್ದರು. ಅದಕ್ಕೇ ಅವನು ನೋಂದಣಿ ಕಚೇರಿಗೆ ತನ್ನ ಅಕ್ಕನನ್ನೂ ಕರೆಸಿದ್ದ.

"ಏನಂತ ಬರ್ದಿದಾರಪ್ಪ ಇದ್ರಲ್ಲಿ?" ಎಂದು ಆಕೆ ತಮ್ಮನನ್ನು ಕೇಳಿದಳು.

"ಏನಿಲ್ಲ ಕಣಕ್ಕ, ಸುಮ್ನೆ ಸಾಕ್ಷಿಗೆ. ಇಲ್ಲಿ ಹೆಬ್ಬೆಟ್ಟು ಒತ್ತು, ಸಾಕು."

ಆಕೆ ಒತ್ತಿದಳು. ಅವನು ಚೀಲದಿಂದ ನೈಲಾನ್ ಸೀರೆಯೊಂದನ್ನು ತೆಗೆದು, ಅರಿಸಿನ ಕುಂಕುಮದ ಪೊಟ್ಟಣದ ಜೊತೆ ಅವಳ ಮಡಿಲಿಗೆ ಹಾಕಿದ. ಇನ್ನೂರು ರೂಪಾಯಿಯ ಬೆಲೆ ಚೀಟಿಯನ್ನು ಕೀಳುವಷ್ಟೂ ನಾಚಿಕೆ ಅವನಿಗಿರಲಿಲ್ಲ. ತವರಿನ ಸೀರೆಯೆಂದು ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು.

ಹೊರಗೆ ಬಂದವನೇ ಹೆಂಡತಿಯ ಮುಂದೆ ಸಿಟ್ಟು ಕಾರಿಕೊಂಡೆ. "ಥೂ, ಇವನೂ ಒಬ್ಬ ತಮ್ಮನಾ? ಅರ್ಧ ಮನೆ ನುಂಗಿ ಇಂಥ ಸೀರೆ ಕೊಡ್ತಾನಲ್ಲ, ಕೈಯಾದ್ರೂ ಹೆಂಗೆ ಬಂತು?"

"ಮೆಲ್ಲಗೆ ಮಾತಾಡಿ," ಎಂದಳು ಅವಳು. "ಈ ಮನೆಗೆ ಮುಂಗಡ ಕಟ್ಟೋಕೆ ಊರಲ್ಲಿದ್ದ ನಿಮ್ಮಪ್ಪನ ಸೈಟು ಮಾರಿದ್ವಲ್ಲ, ಆಗ ನಿಮ್ಮಕ್ಕನ ಕೈಲೂ ಹೀಗೇ ಅಲ್ವಾ ಹೆಬ್ಬೆಟ್ಟು ಒತ್ತಿಸಿದ್ದು?"

"ಅದೂ ಇದೂ ಒಂದೇನೇ? ನಾನು ಕೊಡಿಸಿದ್ದು ರೇಷ್ಮೆ ಸೀರೆ."